ಹುಣಸೆ ಬೀಜದ ಧೈರ್ಯ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನೊಬ್ಬ ಜೂಜುಗಾರ. ನೀವು ಹುಬ್ಬು ಗಂಟಿಕ್ಕುವ ಮೊದಲು ಇನ್ನೊಂದು ಮಾತು ಸೇರಿಸಬೇಕು. ನನ್ನ ಜೂಜಿನ ಮುಕ್ಕಾಲು ಪಾಲು ನಡೆದದ್ದು ಹುಣಸೆ ಬೀಜಗಳ ಮೇಲೆ. ಬೀಜದ ಲೆಕ್ಕದಲ್ಲಿ ನಾನು ಎಷ್ಟೋ ಸಲ ಸಾಹುಕಾರನಾಗಿದ್ದೇನೆ, ಅಷ್ಟೇ ಸಲ ದಿವಾಳಿಯೂ ಎದ್ದಿದ್ದೇನೆ. ಎರಡೂ ದಿನ ಊಟ ಒಂದೇ ಥರ ರುಚಿಸಿದೆ.

ಇದು ಈಗೇಕೆ ನೆನಪಾಯಿತೆಂದರೆ, ನಾನು ಅರ್ಥಶಾಸ್ತ್ರ ಕಲಿಸುವ ಚಿಕ್ಕೋಡಿಯ ಕಾಲೇಜಿಗೆ ಈಚೆಗೆ ಒಂದು ಕಂಪ್ಯೂಟರ್ ಬಂದಿದೆ. ಅದಕ್ಕೊಂದು ಪ್ಲಾಸ್ಟಿಕ್ ಮುಸುಕು, ಮುಸುಕಿಗೊಂದು ಕುಂಕುಮದ ಬೊಟ್ಟು. ಮೊನ್ನೆ ಮಧ್ಯಾಹ್ನ ಆಫೀಸಿಗೆ ಹೋದರೆ ನಮ್ಮ ಗುಮಾಸ್ತರು ಮುಸುಕು ತೆಗೆದು ಇಸ್ಪೀಟು ಆಡುತ್ತಿದ್ದರು. ಎದುರಾಳಿ ಕಂಪ್ಯೂಟರೇ. "ಇದಕ್ಕ ಪೋಕರ್ ಅಂತಾರ್ರಿ ಸರ. ನಮ್ಮ ತೀನ್ ಪತ್ತಿ ಐತಲ್ಲ, ಅದರ ಅಣ್ಣ," ಎಂದರು. ಕೂತ ಕೂಡಲೇ ಯಂತ್ರ ಸಾವಿರ ರೂಪಾಯಿಯಷ್ಟು ಬಿಲ್ಲೆಗಳನ್ನು ಪುಕ್ಕಟೆ ಕೊಡುತ್ತದಂತೆ. "ಸೋತ್ರ?" ಎಂದೆ. "ಸೋತ್ರ ಮತ್ತ ಸಾವಿರ ಕೊಡತೈತ್ರಿ. ಭಾಳ ಧರ್ಮದ ಮಶಿನ್." ಅವರು ಪ್ರತಿ ಆಟಕ್ಕೂ ಇದ್ದದ್ದೆಲ್ಲವನ್ನೂ ಒಮ್ಮೆಗೇ ಹೂಡುತ್ತಿದ್ದರು. ಒಂದು ಲಾಟರಿ ಟಿಕೀಟು ಕೊಳ್ಳಲೂ ಹತ್ತು ಸಲ ಯೋಚಿಸುವ ಮನುಷ್ಯ ಅವರು. ಅವರ ಬೆನ್ನ ಹಿಂದೆ ನಿಂತು ನೋಡುತ್ತ, ಈ ಶೌರ್ಯವನ್ನು ನಾನು ಎಲ್ಲಿಯೋ ನೋಡಿದ್ದೇನಲ್ಲ ಎನಿಸಿತು. ನೋಡಿದ್ದು ಅಥಣಿಯಲ್ಲಿ, ನನ್ನಲ್ಲಿಯೇ.

ಮುಂದೆ ಹೋಗುವ ಮುನ್ನ ಒಂದು ಎಚ್ಚರಿಕೆ. ನಾನು ಧಾರವಾಡದಲ್ಲಿ ಓದುವಾಗಿನಿಂದ ಡೈರಿ ಬರೆಯುತ್ತೇನೆ. ಆದ್ದರಿಂದ ನನ್ನ ನೆನಪು ಪಕ್ಕಾ ಇರಬೇಕೆಂದು ಜನ ತಿಳಿಯುತ್ತಾರೆ. ಆಗಿರುವುದು ತಿರುಗಾಮುರುಗಾ. ಡೈರಿ ತೆಗೆದು ನೋಡಿದಾಗಲೆಲ್ಲ ನನಗೆ ಖಚಿತವಾಗಿ ನೆನಪಿದ್ದದ್ದು ಅದರಲ್ಲಿ ಇರುವುದಿಲ್ಲ, ಅದರಲ್ಲಿ ಇದ್ದದ್ದು ನನಗೆ ನೆನಪಿರುವುದಿಲ್ಲ. ಈ ಪ್ರಬಂಧದ ಮುಖ್ಯ ದಿನದ ಬಗ್ಗೆ ನನ್ನ ಡೈರಿಯಲ್ಲಿ ಇರುವುದು ಇಷ್ಟೇ: "ಅಥಣಿ. ಹೋಳಿಗೆ ಚೆನ್ನಾಗಿತ್ತು. ಬಸ್ಸಿನಲ್ಲಿ ನಿಂತುಕೊಂಡು ಬಂದೆ." ನನ್ನ ಜೀವನದ ದಿಕ್ಕು ಬದಲಾದ ದಿನ ಅದು. ಡೈರಿಕಾರನಿಗೆ ಹೋಳಿಗೆ ಮುಖ್ಯವಾಗಿತ್ತು.

ಅಥಣಿ ನನ್ನ ಅವ್ವನ ತವರು. ಊರ ಹೊರಗೆ ಮಾಮಾನ ತೋಟ. ಮಾಮಾ ಎಂದರೆ ಅವ್ವನ ಅಣ್ಣ, ಅಣ್ಣಾಸಾಹೇಬ. ಆ ಕಡೆ ಕಬ್ಬು, ಈ ಕಡೆ ದ್ರಾಕ್ಷಿ, ನಡುವೆ ಮನೆ. ಅಪ್ಪ ತೀರಿಹೋದ ಮೇಲೆ ಚಿಕ್ಕೋಡಿ ಹತ್ತಿರದ ಕರೋಶಿಯ ನಮ್ಮ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ ಉಳಿದೆವು. ನನಗೆ ಚಿಕ್ಕೋಡಿಯಲ್ಲಿ ನೌಕರಿ ಸಿಕ್ಕಮೇಲೆ ರವಿವಾರ ಬಂತೆಂದರೆ ಕೃಷ್ಣೆ ದಾಟಿ ಅಥಣಿಗೆ ಹೋಗುವ ರೂಢಿ ಬಿತ್ತು. ಮಧ್ಯಾಹ್ನದ ಊಟ ಮುಗಿದು ಪಡಸಾಲೆಯಲ್ಲಿ ಜಮಖಾನೆ ಬಿದ್ದರೆ ಎಲೆ ಹಂಚಲು ಶುರು. ಆಡುವವರು ನಾಲ್ಕು ಜನ: ಮಾಮಾ, ನಾನು, ಮಾಮಾನ ಮಗಳು ಶಾಲನ್, ಮತ್ತು ನಮ್ಮೆಲ್ಲರನ್ನೂ ಸೋಲಿಸುವ ಆಯಿ. ಆಯಿ ಎಂದರೆ ಮಾಮಾನ ಮತ್ತು ನನ್ನ ಅವ್ವನ ತಾಯಿ. ಎರಡು ಹಲ್ಲು, ಒಂದು ಕನ್ನಡಕ, ಅಪಾರ ಕಪಟ.

ಆಟ ತೀನ್ ಪತ್ತಿ. ಗೊತ್ತಿಲ್ಲದವರಿಗೆ ಎರಡು ಮಾತು. ಎಲ್ಲರಿಗೂ ಮೂರು ಮೂರು ಎಲೆ. ಎಲೆ ನೋಡಿಯಾದರೂ ಆಡಬಹುದು, ನೋಡದೆ ಕುರುಡಾಗಿಯಾದರೂ ಆಡಬಹುದು. ಸರದಿ ಬಂದಾಗಲೆಲ್ಲ ನಡುವೆ ಒಂದಿಷ್ಟು ಹಾಕುತ್ತ ಹೋಗಬೇಕು. ಅಂಜಿಕೆಯಾದರೆ "ಪ್ಯಾಕ್" ಎಂದು ಎಲೆ ಕೆಳಗಿಟ್ಟು ಹಿಂದೆ ಸರಿಯಬೇಕು, ಹಾಕಿದ್ದು ಹೋಯಿತು. ಕೊನೆಗೆ ಉಳಿದವನದು ಎಲ್ಲ. ಕೈಯಲ್ಲಿ ಏನೂ ಇಲ್ಲದೆಯೂ ಮುಖದ ಗತ್ತಿನಿಂದಲೇ ಎದುರಿನವರನ್ನು ಓಡಿಸುವುದರಲ್ಲಿ ಈ ಆಟದ ಸ್ವಾರಸ್ಯವೆಲ್ಲ ಇದೆ.

ವರ್ಷವಿಡೀ ನಮ್ಮ ಹಣ ಹುಣಸೆ ಬೀಜ. ಆಯಿ ಅದಕ್ಕೆ ಮರಾಠಿಯಲ್ಲಿ ಚಿಂಚೋಕಿ ಎನ್ನುತ್ತಿದ್ದಳು. ಅಡುಗೆಮನೆಯಲ್ಲಿ ಹೊಸ ಹುಣಸೆ ಬಿಡಿಸಿದ ವಾರ ನಮ್ಮಲ್ಲಿ ಹಣದುಬ್ಬರ. ನಾನು ತರಗತಿಯಲ್ಲಿ ಇಡೀ ಒಂದು ತಾಸು ಕೊರೆದರೂ ಹುಡುಗರಿಗೆ ತಿಳಿಯದಿದ್ದದ್ದು ಅಲ್ಲಿ ಒಂದು ಮೊರದ ಬೀಜದಲ್ಲಿ ತಿಳಿಯುತ್ತಿತ್ತು. ನಡುವೆ ಒಮ್ಮೆ ಬೀಜ ಸಾಲದೆ ಶೇಂಗಾಕಾಳಿಗೆ ಬದಲಾಯಿಸಿ ನೋಡಿದೆವು. ಮಾಮಾ ತನ್ನ ಬಂಡವಾಳವನ್ನು ತಾನೇ ತಿಂದು ಮುಗಿಸಿದ್ದರಿಂದ ಆ ನಾಣ್ಯವನ್ನು ಹಿಂದಕ್ಕೆ ಪಡೆಯಲಾಯಿತು.

ಬೀಜದ ಆಟದಲ್ಲಿ ಯಾರೂ ಪ್ಯಾಕ್ ಅನ್ನುತ್ತಿರಲಿಲ್ಲ. ಏಕೆ ಅನ್ನಬೇಕು? ಶಾಲನ್ ಎಲೆ ನೋಡುವ ಗೋಜಿಗೇ ಹೋಗದೆ ಹಿಡಿ ಹಿಡಿ ಸುರಿಯುತ್ತಿದ್ದಳು. ನಾನು ಅವಳಿಗಿಂತ ಒಂದು ಹಿಡಿ ಹೆಚ್ಚು. ನೋಡಿದವರು ನಮ್ಮನ್ನು ಮಹಾ ಧೈರ್ಯಸ್ಥರೆಂದೇ ಭಾವಿಸಬೇಕು. ಆದರೆ ಒಂದು ವಿಚಿತ್ರವನ್ನು ನಾನು ಆಗಲೇ ಗಮನಿಸಿದ್ದೆ. ಅಷ್ಟು ಧೈರ್ಯದ ನಡುವೆ ಯಾರ ಸುಳ್ಳೂ ನಡೆಯುತ್ತಿರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಎಷ್ಟೇ ಗತ್ತು ಮಾಡಿ, ಎದುರಿನವರು ನಕ್ಕು ಇನ್ನೊಂದು ಹಿಡಿ ಹಾಕಿ "ತೋರಿಸ್ರಿ ನೋಡೂಣು" ಎನ್ನುತ್ತಿದ್ದರು. ಸುಳ್ಳು ನಡೆಯಬೇಕಾದರೆ ಕೇಳುವವನಿಗೆ ಕಳೆದುಕೊಳ್ಳಲು ಏನಾದರೂ ಇರಬೇಕು. ನಿಜವೂ ಹಾಗೆಯೇ ಎಂದು ತಿಳಿಯಲು ನನಗೆ ಇನ್ನೂ ಸಮಯ ಬೇಕಿತ್ತು.

ನಮ್ಮ ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಚೌಕಾಬಾರದ ಮನೆಗಳನ್ನು ಕೊರೆದಿರುವುದನ್ನು ನೀವು ನೋಡಿರಬಹುದು. ಯಾರು ಕೊರೆದರು, ಯಾವ ದೊರೆಯ ಕಾಲದಲ್ಲಿ ಎಂದು ವಿದ್ವಾಂಸರು ತಲೆ ಕೆಡಿಸಿಕೊಳ್ಳುತ್ತಾರೆ. ಅವರು ಏನನ್ನು ಪಣಕ್ಕಿಟ್ಟು ಆಡುತ್ತಿದ್ದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕವಡೆಯನ್ನೋ, ಕಡಲೆಯನ್ನೋ, ಮನೆಯನ್ನೋ? ಗೆರೆಗಳು ಉಳಿದಿವೆ, ಆಡಿದವರ ಎದೆಬಡಿತ ಉಳಿದಿಲ್ಲ. ಇರಲಿ, ನಾನು ಜಮಖಾನೆಗೆ ವಾಪಸು ಬರುತ್ತೇನೆ.

ಆ ಮನೆಯಲ್ಲಿ ಎಲೆಯ ಜೊತೆಗೆ ಇನ್ನೊಂದು ಆಟವೂ ನಡೆಯುತ್ತಿತ್ತು. ನಮ್ಮ ಕಡೆ ಸೋದರಮಾವನ ಮಗಳೆಂದರೆ ತೊಟ್ಟಿಲಲ್ಲಿರುವಾಗಲೇ ಚೇಷ್ಟೆಯ ಹೆಂಡತಿ. ಯಾರು ಬೇಕಾದರೂ, ಯಾವಾಗ ಬೇಕಾದರೂ ಆ ಚೇಷ್ಟೆ ಮಾಡಬಹುದು. ಅದಕ್ಕೆ ಖರ್ಚಿಲ್ಲ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಶಾಲನ್ ಶುರು ಮಾಡುತ್ತಿದ್ದಳು.

"ಬಂದ್ರ್ಯಾ ಮಾಸ್ತರ? ನಿಮ್ಮ ಹೇಂತಿ ಆಗೂದು ಬ್ಯಾಡಂತ ಮುಂಜಾನೇನ ಠರಾವ್ ಮಾಡೀನಿ."

"ಯಾಕ ಬೇ?"

"ನಿಮ್ಮ ಬಾವಿ ನೀರಾಗ ಬ್ಯಾಳಿ ಬೇಯಂಗಿಲ್ಲಂತಲಾ. ನಾ ಏನ್ ಒಲಿ ಮುಂದ ಮುದುಕಿ ಆಗ್ಲ್ಯಾ?"

ಒಳಗಿನಿಂದ ಮಾಮಾ ಕೂಗುತ್ತಿದ್ದ. "ಕರ್ಕೊಂಡ ಹೋಗ್ಲೇ ಅಕೀನ. ಜೋಡೀಲೆ ಒಂದ ಎಮ್ಮಿನೂ ಹೊಡ್ಕೊಂಡ ಹೋಗ. ಎರಡೂ ಭಾಳ ತಿಂತಾವ."

ಆಯಿ ಎಲೆ ಕಲಸುತ್ತ ತಲೆ ಎತ್ತದೆ ಹೇಳುತ್ತಿದ್ದಳು. "ಎಮ್ಮಿ ಇರ್ಲಿ ಬಿಡ. ಅದು ಹಾಲರೆ ಕೊಡತೈತಿ."

ತೊಟ್ಟಿಲಿನ ಕಾಲದಿಂದ ಲೆಕ್ಕ ಹಿಡಿದರೆ ಹೀಗೆ ಸುಮಾರು ಇಪ್ಪತ್ತು ವರ್ಷ. ಶಾಲನ್ ಹೆಣ್ಣುಮಗಳಾಗಿ ಬೆಳೆದು, ಬಿ.ಎ. ಮುಗಿಸಿ, ದ್ರಾಕ್ಷಿ ಒಣಗಿಸುವ ಚಪ್ಪರದ ಉಸ್ತುವಾರಿಯನ್ನು ಅಪ್ಪನಿಗಿಂತ ಚೊಕ್ಕಾಗಿ ನೋಡಿಕೊಳ್ಳುವ ಹೊತ್ತಿಗೆ ಈ ಚೇಷ್ಟೆ ನನ್ನೊಳಗೆ ಬೇರೇನೋ ಆಗಿತ್ತು. ಯಾವಾಗ ಆಯಿತು ಎಂದು ಕೇಳಬೇಡಿ. ಡೈರಿಯಲ್ಲಿಲ್ಲ. ಕೆಲವು ವಾರಗಳಲ್ಲಿ ಮಾತ್ರ ಶುಕ್ರವಾರದಿಂದಲೇ ಅಂಗಿ ಇಸ್ತ್ರಿ ಮಾಡಿಸಿದ ಖರ್ಚು ಬರೆದಿದ್ದೇನೆ. ನನಗೆ ಆಗಲೂ ಒಂದು ನೆಪ ಸಿಕ್ಕಿತ್ತು. ರಕ್ತಸಂಬಂಧದ ಮದುವೆ ಒಳ್ಳೆಯದಲ್ಲ ಎಂದು ಜೀವಶಾಸ್ತ್ರ ಕಲಿಸುವ ಸಹೋದ್ಯೋಗಿ ಹೇಳಿದ್ದನ್ನು ಬಹಳ ಗಂಭೀರವಾಗಿ ತಲೆಯಲ್ಲಿ ಹೊತ್ತು ತಿರುಗುತ್ತಿದ್ದೆ. ಆ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನನ್ನನ್ನು ತಡೆದದ್ದು ವಿಜ್ಞಾನವಲ್ಲ ಎಂದು ಇಲ್ಲಿ ಬರೆಯಬಹುದು. ಓದಿದವನ ಅಂಜಿಕೆ ಬರಿಮೈಯಲ್ಲಿ ಹೊರಗೆ ಬರುವುದಿಲ್ಲ, ಕೋಟು ತೊಟ್ಟುಕೊಂಡು ಬರುತ್ತದೆ.

ವರ್ಷಕ್ಕೊಮ್ಮೆ, ದೀಪಾವಳಿಯ ಪಾಡ್ಯದ ದಿನ, ಆಯಿ ಬೀಜದ ಡಬ್ಬಿಯನ್ನು ಗೋಡೆಯ ಮಾಡದಲ್ಲಿ ಇಟ್ಟುಬಿಡುತ್ತಿದ್ದಳು. ಅಂದು ಖರೇ ರೊಕ್ಕ. ಪಾಡ್ಯದ ದಿನ ರೊಕ್ಕ ಇಟ್ಟು ಆಡದಿದ್ದರೆ ವರ್ಷವೆಲ್ಲ ಮನೆಗೆ ಬರಕತ್ತಿಲ್ಲ ಎಂಬುದು ಅವಳ ಶಾಸ್ತ್ರ. ನೂರಾರು ಗಾಡಿ ಕಬ್ಬು ಕಳಿಸುವ ಮಾಮಾ ಅಂದು ಎಂಟಾಣೆಯ ನಾಣ್ಯವನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ಬೆಚ್ಚಗೆ ಮಾಡಿ, ಕೊನೆಗೆ ಹಾಕದೆ ಪ್ಯಾಕ್ ಅನ್ನುತ್ತಿದ್ದ. ಹರಟೆ ನಿಲ್ಲುತ್ತಿತ್ತು. ಹಿತ್ತಲಿನ ಎಮ್ಮೆ ಮೆಲುಕು ಹಾಕುವ ಸದ್ದು ಪಡಸಾಲೆಗೆ ಕೇಳುತ್ತಿತ್ತು. ಹಣ ವಿನಿಮಯದ ಮಾಧ್ಯಮ, ಮೌಲ್ಯದ ಅಳತೆಗೋಲು ಎಂದೆಲ್ಲ ನಾನು ಹುಡುಗರಿಗೆ ಬರೆಸುತ್ತೇನೆ. ಪುಸ್ತಕದಲ್ಲಿಲ್ಲದ ಅದರ ಇನ್ನೊಂದು ಗುಣವನ್ನು ನಾನು ಅಲ್ಲಿ ಕಂಡೆ. ಅದು ಮನುಷ್ಯನಿಗೆ ತನ್ನ ಕೈಯಲ್ಲಿರುವ ಎಲೆಯನ್ನು ಎರಡನೆಯ ಸಲ ನೋಡುವಂತೆ ಮಾಡುತ್ತದೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲದ ಒಂದು ಪಾಡ್ಯ. ಹೋಳಿಗೆ ಬಡಿಸುತ್ತ ಮಾಮಿ ಸಹಜವಾಗಿ ಹೇಳಿದಳು. "ತುಳಸಿ ಲಗ್ನ ಆಗಿಂದ ಇಚಲಕರಂಜಿಯವರು ಶಾಲನ್‌ನ ನೋಡಾಕ ಬರ್ತಾರಪಾ. ಮಗ್ಗದ ಮಂದಿ. ಅನುಕೂಲಸ್ಥರದಾರ." ನಾನು "ಛಲೋ ಆತಲ್ರಿ ಮಾಮಿ" ಎಂದೆ. ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಅದು ಹೇಗಿತ್ತೆಂದು ಡೈರಿ ಹೇಳುತ್ತದೆಯಾದರೂ ನನಗೆ ರುಚಿ ನೆನಪಿಲ್ಲ.

ಆಮೇಲೆ ಆಟ. ಮಾಮಾ ಬೇಗನೆ ಹಿಂದೆ ಸರಿದ, ಆಯಿಯೂ ಸರಿದಳು. ಉಳಿದವರು ನಾನು ಮತ್ತು ಶಾಲನ್. ನನ್ನ ಕೈಯಲ್ಲಿ ಎರಡು ರಾಜಾ, ಒಂದು ಏಳು. ಅವಳು ಎಲೆ ಮುಟ್ಟಿಯೇ ಇರಲಿಲ್ಲ, ಕುರುಡು ಆಡುತ್ತಿದ್ದಳು. ಹಬ್ಬಕ್ಕೆಂದು ಮಾಮಾ ಕೊಟ್ಟ ಹತ್ತು ರೂಪಾಯಿಯ ನೋಟನ್ನು ಬಿಚ್ಚಿ, ನಡುವೆ ಇಟ್ಟು, ನನ್ನ ಮುಖ ನೋಡಿದಳು. ಬೀಜದ ಆಟದಲ್ಲಾಗಿದ್ದರೆ ನಾನು ಹತ್ತರ ಮೇಲೆ ಇಪ್ಪತ್ತು ಸುರಿದು ಏನಾದರೂ ಅಂದಿರುತ್ತಿದ್ದೆ. ಈಗ ನನ್ನ ಎಲೆಗಳನ್ನು ಇನ್ನೊಮ್ಮೆ ನೋಡಿದೆ. ನೋಡದ ಎಲೆಯಲ್ಲಿ ಎಕ್ಕಾಗಳೇ ಇದ್ದರೆ? ನನಗೆ ಇನ್ನೂ ಬಸ್ ಚಾರ್ಜಿಗೆ ಬೇಕಲ್ಲ? ಹೀಗೆ ಅರ್ಥಶಾಸ್ತ್ರವೆಲ್ಲ ಒಮ್ಮೆಗೇ ನೆನಪಾಗಿ ನಾನು ಪ್ಯಾಕ್ ಎಂದೆ.

ಅವಳು ತನ್ನ ಎಲೆಗಳನ್ನು ಒಂದೊಂದಾಗಿ ತಿರುಗಿಸಿದಳು. ಮೂರು, ಐದು, ಒಂಬತ್ತು. ಆಯಿ ನನ್ನ ಎಲೆಗಳನ್ನು ಕಸಿದು ನೋಡಿ ಹಣೆ ಬಡಿದುಕೊಂಡಳು. "ಅಯ್ಯ ನನ ಕೂಸ, ಎರಡ ರಾಜಾ ಬಗಲಾಗ ಇಟ್ಕೊಂಡ ಓಡಿ ಹೋದೆಲಾ!"

ಶಾಲನ್ ನಗಲಿಲ್ಲ. ಚಿಲ್ಲರೆ ಬಳಿದುಕೊಳ್ಳುತ್ತ "ಹತ್ತ ರೂಪಾಯಿಗೆ ಇಷ್ಟ ಅಂಜಿದ್ರ ಮುಂದ ಹೆಂಗರಿ ಮಾಸ್ತರ ನಿಮ್ದು?" ಎಂದಳು.

ಸ್ವಲ್ಪ ಹೊತ್ತಿನ ನಂತರ ದ್ರಾಕ್ಷಿ ಚಪ್ಪರದ ಹತ್ತಿರ ಅವಳು ಸಿಕ್ಕಳು. ಸಿಕ್ಕಳು ಎಂದರೆ ನಾನು ಹುಡುಕಿಕೊಂಡು ಹೋದೆ.

"ಇಚಲಕರಂಜಿಯವರ ಸುದ್ದಿ ಅವ್ವ ಹೇಳಿದ್ಲು?"

"ಹೇಳಿದ್ರು."

"ಮತ್ತ?"

"ಮತ್ತ ಅಂದ್ರ?"

ಅವಳು ಚಪ್ಪರದ ತಂತಿಗೆ ಅಂಟಿದ್ದ ಒಣಎಲೆಯನ್ನು ಕಿತ್ತು ಪುಡಿ ಮಾಡಿದಳು. "ಏನಿಲ್ಲ. ನಿಮ್ಮ ಬಸ್ ಎಷ್ಟಕ್ಕೈತಿ?"

ಬಸ್ಸು ಐದಕ್ಕಿತ್ತು. ಇನ್ನೂ ಅರ್ಧ ತಾಸು. ನಾನು ನೆಟ್ಟಗೆ ಪಡಸಾಲೆಗೆ ಹೋದೆ. ಮಾಮಾ ಅಡಿಕೆ ಕತ್ತರಿಸುತ್ತಿದ್ದ. ಎದುರು ನಿಂತು, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಹೇಳಿದೆ. "ಮಾಮಾ, ಶಾಲನ್‌ನ ನನಗ ಕೊಡ್ರಿ."

ಮಾಮಾ ತಲೆಯನ್ನೇ ಎತ್ತಲಿಲ್ಲ. "ಎಮ್ಮಿ?"

"ಎಮ್ಮಿ ಬ್ಯಾಡ್ರಿ. ಖರೇನ ಕೇಳಾಕತ್ತೀನಿ."

"ಎಮ್ಮಿ ಬಿಟ್ಟ ಬರೇ ಅಕೀನ ಕೊಡಾಂಗಿಲ್ಲಪಾ. ಜೋಡೀನ ತಗೋಬೇಕ!" ಎಂದು ತೊಡೆ ತಟ್ಟಿ ನಕ್ಕ. ಒಳಗಿನಿಂದ ಮಾಮಿ ನಕ್ಕಳು. ನಾನು ಇನ್ನೊಮ್ಮೆ "ಖರೇನ ಮಾಮಾ" ಎಂದೆ. ಅವರು ಇನ್ನಷ್ಟು ನಕ್ಕರು. ಕೊನೆಗೆ, ಇದನ್ನು ಬರೆಯಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ. ಬಾಗಿಲಲ್ಲಿ ಶಾಲನ್ ನಿಂತಿದ್ದಳು. ನಾನು ಕೇಳಿದ್ದನ್ನೂ ಕೇಳಿಸಿಕೊಂಡಿದ್ದಳು, ನಕ್ಕದ್ದನ್ನೂ.

ಚಿಕ್ಕೋಡಿಯ ತನಕ ಬಸ್ಸಿನಲ್ಲಿ ನಿಂತು ಬಂದ ನನಗೆ ಆಗಿದ್ದು ಏನೆಂದು ನಿಧಾನವಾಗಿ ತಿಳಿಯಿತು. ಇಪ್ಪತ್ತು ವರ್ಷ ಅದೇ ಮಾತನ್ನು ಪುಕ್ಕಟೆ ಹಿಡಿ ಹಿಡಿ ಸುರಿದಿದ್ದೆವು. ಈಗ ಅದೇ ಮಾತಿನಲ್ಲಿ ಬೆಲೆಯುಳ್ಳದ್ದನ್ನು ಕೊಳ್ಳಲು ಹೋದರೆ ಅಂಗಡಿಯವನು ನಗದೆ ಇನ್ನೇನು ಮಾಡಿಯಾನು? ನಾನು ಖರೇ ಎಂದದ್ದೂ ಚೇಷ್ಟೆಯ ಭಾಗವೇ ಆಗಿತ್ತು. ಎಷ್ಟೋ ಸಲ ಖರೇನ ಎಂದೇ ಚೇಷ್ಟೆ ಮಾಡಿದ್ದೆ. ಬೇರೆ ಊರಿನ, ಬೇರೆ ಜನರ ಹುಡುಗಿಯನ್ನು ಕೇಳಲು ಹೋದವನಿಗೆ ಈ ಪೇಚು ಬರುವುದಿಲ್ಲ. ಇಲ್ಲ ಎಂದು ಬೈದಾದರೂ ಕಳಿಸುತ್ತಾರೆ. ನನ್ನನ್ನು ಹೌದು ಹೌದೆಂದು ನಕ್ಕು ಕಳಿಸಿದ್ದರು.

ಕರೋಶಿಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಜೋಳದ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನೀ ಕೇಳಿದ್ರ ಆಗಂಗಿಲ್ಲಪಾ. ನಾ ಹೋಗಿ ಕೇಳಬೇಕ."

"ಹಂಗಾರ ನಾಳೆ ಹೋಗೂಣು."

ಅವಳು ಹಿಟ್ಟಿಗೆ ಇನ್ನಷ್ಟು ನೀರು ಚಿಮುಕಿಸಿದಳು. ಆಮೇಲೆ ಹಿಟ್ಟಿಗೇ ಹೇಳುವಂತೆ ಹೇಳಿದಳು. "ಅವ ತ್ವಾಟದವ. ಮಗ್ಗದ ಮಂದಿ ಬರಾಕತ್ತಾರ. ನಾ ಕೇಳಿ, ಅವ ಇಲ್ಲಾಂದ್ರ, ಮತ್ತ ನಾ ಯಾ ಮಾರಿ ತಗೊಂಡ ಆ ಮನಿ ಹೊಸ್ತಲಾ ತುಳೀಲಿ? ನಾಗರ ಪಂಚಮಿಗೆ ಕರಿಯಾಕ ಅವನರೆ ಹೆಂಗ ಬಂದಾನು? ನಿನಗ ಇಲ್ಲಾಂದ್ರ ಇನ್ನೊಂದ ಹುಡಿಗಿ ಸಿಗತಾಳೋ ತಮ್ಮಾ. ನನಗ ಇನ್ನೊಂದ ತವರಮನಿ ಸಿಗಂಗಿಲ್ಲ."

ನಾನು ಅರ್ಥಶಾಸ್ತ್ರದ ಮೇಷ್ಟರು. ಪಣವೆಂದರೆ ಏನೆಂದು ಅಂದು ರಾತ್ರಿ ರೊಟ್ಟಿ ತಟ್ಟುವ ಪಾಠಶಾಲೆಯಲ್ಲಿ ಕಲಿತೆ. ಆಟದಲ್ಲಿ ಎರಡು ರಾಜಾ ಹಿಡಿದು ಓಡಿಬಂದವನು ನಾನು. ಅವ್ವನ ಕೈಯಲ್ಲಿ ಏನಿತ್ತು? ಗಂಡನಿಲ್ಲ, ತೋಟವಿಲ್ಲ, ಒಬ್ಬ ಮೇಷ್ಟರ ಮಗ. ಇಡಬೇಕಾಗಿದ್ದದ್ದೋ ಇಡೀ ತವರು. ಬೇಡ ಬಿಡವ್ವಾ ಎಂದೆ. ಅಂದೆನೆಂದು ನೆನಪು. ಅನ್ನಲಿಲ್ಲವೇನೋ. ಅನ್ನಬೇಕೆಂದು ಮನಸ್ಸಿಗೆ ಬಂದದ್ದು ಮಾತ್ರ ನಿಜ.

ಎರಡು ದಿನ ಬಿಟ್ಟು, ಹಬ್ಬವಲ್ಲ ಹುಣ್ಣಿಮೆಯಲ್ಲ, ಬುಧವಾರ, ಅವ್ವ ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟು "ನಡಿ" ಎಂದಳು. ನಾನು ರಜೆ ಹಾಕಿ ಹಿಂದೆ ಹೊರಟೆ. ಕೃಷ್ಣೆಯ ಸೇತುವೆ ಬಂದಾಗ ಕಿಟಕಿಯಿಂದ ಹೊಳೆಗೆ ಕೈ ಮುಗಿದಳು.

ಮಾಮಾ ಮನೆಯಲ್ಲಿಯೇ ಇದ್ದ. ಮಾಮಿ ತಂಬಿಗೆಯಲ್ಲಿ ನೀರು ತಂದಿಟ್ಟಳು. ಮಾಮಾ ಎಂದಿನಂತೆ ಶುರು ಮಾಡಿದ. "ಏನವಾ ಗಂಗಾ, ವ್ಯಾಳ್ಯಾ ಇಲ್ಲದ ವ್ಯಾಳ್ಯಾದಾಗ? ಮಗನ ಕೂಡ ಜಗಳಾ ತಗದ ಬಂದೇನ?"

ಅವ್ವ ನಗಲಿಲ್ಲ. ಕುರ್ಚಿಯ ಮೇಲೂ ಕೂಡಲಿಲ್ಲ. ಕಂಬಕ್ಕೆ ಆತು ಕೆಳಗೆ ಕೂತು ಸೆರಗು ಸರಿಮಾಡಿಕೊಂಡಳು.

"ಅಣ್ಣಾ, ಶಾಲನ್‌ನ ನನ್ನ ಮಗಗ ಕೇಳಾಕ ಬಂದೀನಿ."

ಮಾಮಾನ ಬಾಯಿಗೆ ಎಮ್ಮೆ ಬಂದಿತ್ತೇನೋ. ಅವ್ವನ ಮುಖ ನೋಡಿ ಅದು ಅಲ್ಲೇ ನಿಂತಿತು.

"ಕೊಡೂದು ಬಿಡೂದು ನಿನ್ನ ಮನಸ್ಸಿಗೆ ಬಿಟ್ಟಿದ್ದು. ನಿಮ್ಮ ಲೆಕ್ಕಕ್ಕ ನಾವು ಸಣ್ಣವರು, ನನಗ ಗೊತ್ತೈತಿ. ಇಲ್ಲ ಅನ್ನೂದಿದ್ರ ಇಲ್ಲ ಅನ್ನು, ನಾ ಸಿಟ್ಟಾಗಂಗಿಲ್ಲ. ಆದ್ರ ಇಲ್ಲ ಅಂದ್ರೂ ಪಂಚಮಿಗೆ ನನ್ನ ಕರಿಯಾಕ ಮಾತ್ರ ಬಾ ಅಣ್ಣಾ. ಅದೊಂದ ತಪ್ಪಸಬ್ಯಾಡ."

ಮಾಮಾ ತಂಬಿಗೆಯನ್ನೇ ನೋಡುತ್ತಿದ್ದ. ಅದು ತುಂಬಿದಂತೆಯೇ ಇತ್ತು.

"ನೀರ ಯಾಕ ಕುಡದಿಲ್ಲ?"

"ಗಂಟಲಾಗ ಇಳಿವಲ್ದು."

ಮಾಮಾ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸುವಂಥದ್ದೇನೂ ಮುಖದ ಮೇಲಿರಲಿಲ್ಲ, ಆಮೇಲೆ ಇತ್ತು. "ಅಲ್ಲ ಗಂಗಾ, ನನ್ನ ಮುಂದ ನೀ ಅಂಜತಿ? ನಿನಗ ಅಂಜಿಕಿ ಬರೂ ಹಂಗ ನಾ ಯಾವಾಗ ಆದೆ? ಹೇಳ, ಯಾವಾಗ ಆದೆ?" ಒಳಗಿದ್ದ ಆಯಿ ಗಟ್ಟಿಯಾಗಿ "ತ್ವಾಟಾ ಹಚ್ಚಿದಾಗಿಂದ" ಎಂದಳು.

ಮಾಮಾ ಮಗಳನ್ನು ಕರೆದ. "ಶಾಲೀ, ಬಾ ಇಲ್ಲೆ. ನಿನ್ನ ಕೇಳಾಕ ಬಂದಾರ. ಚ್ಯಾಷ್ಟಿ ಅಲ್ಲ, ಖರೇ ಖರೇ ಕೇಳಾಕ ಬಂದಾರ. ನೀ ಏನಂತಿ?"

ಶಾಲನ್ ಬಂದು ಬಾಗಿಲಲ್ಲಿ ನಿಂತಳು. "ಮೊದಲ ಅತ್ತೀಗೆ ನೀರ ಕುಡೀಲಾಕ ಹೇಳ್ರಿ," ಎಂದಳು.

ಈ ದೃಶ್ಯ ನನಗೆ ಕಣ್ಣಿಗೆ ಕಟ್ಟಿದಂತಿದೆ: ಕಂಬ, ತಂಬಿಗೆ, ಟವೆಲು. ಆದರೆ ಅವ್ವ ಹೇಳುವ ಪ್ರಕಾರ ನಾನು ಆ ಪಡಸಾಲೆಯಲ್ಲಿ ಇರಲೇ ಇಲ್ಲ. "ನೀ ಎಲ್ಲಿ ಇದ್ದಿ? ಹೊರಗ ಚಪ್ಪಲಿ ಬಿಡಾಕತ್ತಿದ್ದಿ, ಅರ್ಧಾ ತಾಸ." ಶಾಲನ್ ಕೂಡ ಅದನ್ನೇ ಹೇಳುತ್ತಾಳೆ. ಇಬ್ಬರು ಸೇರಿ ಹೇಳಿದ ಮೇಲೆ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ. ಹೌದು, ಮದುವೆಯಾಗಿ ಈಗ ಹತ್ತು ವರ್ಷದ ಮೇಲಾಯಿತು. ನಮ್ಮ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂಬ ಅವಳ ಮಾತು ನಿಜವೆಂದು ಸಾಬೀತಾಗಿ, ಕುಕ್ಕರ್ ತಂದಿದ್ದೇವೆ.

ಪುಕ್ಕಟೆ ಆಡಿದ್ದೆಲ್ಲ ಹುಸಿ, ಬೆಲೆ ಕೊಟ್ಟದ್ದೇ ನಿಜ ಎಂದು ನಾನು ಇಲ್ಲಿ ತೀರ್ಪು ಕೊಟ್ಟುಬಿಡಬಹುದಿತ್ತು. ಮನಸ್ಸು ಒಪ್ಪುವುದಿಲ್ಲ. ಆ ಇಪ್ಪತ್ತು ವರ್ಷದ ಚೇಷ್ಟೆ ಇಲ್ಲದಿದ್ದರೆ ನಾನೂ ಶಾಲನ್ನೂ ಒಬ್ಬರೆದುರು ಒಬ್ಬರು ನಿರ್ಭಯವಾಗಿ ಮಾತಾಡುವುದನ್ನು ಎಲ್ಲಿ ಕಲಿಯುತ್ತಿದ್ದೆವು? ಕಳೆದುಕೊಳ್ಳಲು ಏನೂ ಇಲ್ಲದಿದ್ದಾಗ ಹೇಳಿದ ಮಾತುಗಳಲ್ಲಿ ಎಷ್ಟೋ ನಿಜಗಳಿದ್ದವು. ಅವು ನಿಜವೆಂದು ಹೇಳಿದವರಿಗೇ ಗೊತ್ತಿರಲಿಲ್ಲ, ಅಷ್ಟೇ.

ಇನ್ನು ಉಳಿದದ್ದು ಮದುವೆಯ ನಂತರದ ಮೊದಲ ಪಾಡ್ಯ. ಅಳಿಯನಾಗಿ ನಾನು ಜಮಖಾನೆಯ ಮೇಲೆ ಕೂತೆ. ಎರಡು ಸುತ್ತಿನಲ್ಲೇ ಏನೋ ಕೆಟ್ಟಿದೆ ಎನಿಸಿತು. ನಾನು ಎಂಟಾಣೆ ಹಾಕಿದರೆ ಸಾಕು, ಮಾಮಾ ಪ್ಯಾಕ್. ಅವನು ಕೆಳಗಿಟ್ಟ ಎಲೆಗಳನ್ನು ಆಯಿ ತಿರುಗಿಸಿ ನೋಡಿದರೆ ಮೂರು ಎಕ್ಕಾ. ಕೇಳಿದರೆ "ಮಗಳನ್ನ ಕೊಟ್ಟ ಮನೀದು ಒಂದ ಪೈಸಾ ಮುಟ್ಟಬಾರದಪಾ, ನಮ್ಮ ರೂಢಿ ಅಲ್ಲ" ಎಂದ. ಮಾವನನ್ನು ಸೋಲಿಸಲು ನನಗೂ ಸಂಕೋಚ. ನಾನೂ ಪ್ಯಾಕ್. ರೊಕ್ಕ ಖರೇದೇ ಇತ್ತು, ಆಡುವವರು ಮಾತ್ರ ಸೋಲಲು ಪೈಪೋಟಿ ಮಾಡುತ್ತಿದ್ದೆವು. ಆಯಿ ಬೇಸತ್ತು "ಇದೇನ ಆಟಾನೋ, ಆರತಿ ತಾಟೋ?" ಎಂದು ಎಲೆ ಬಿಸಾಡಿದಳು.

ಆಗ, ಆ ಸಲ ನಮ್ಮ ಜೊತೆ ಬಂದಿದ್ದ, ಎಂದೂ ಎಲೆ ಮುಟ್ಟದ ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನು ಸರಿಸಿ ಕೂತಳು. ತಂಗಿ ಅಣ್ಣನಿಂದ ತೆಗೆದುಕೊಳ್ಳಬಹುದು, ಅದಕ್ಕೆ ಯಾವ ರೂಢಿಯೂ ಅಡ್ಡ ಬರುವುದಿಲ್ಲ. ಮಾಮಾನಿಗೆ ಹುರುಪು ಬಂತು. ಅಂಗಿಯ ತೋಳು ಏರಿಸಿ, ಜೇಬಿನಲ್ಲಿದ್ದದ್ದೆಲ್ಲ ತೆಗೆದು ನಡುವೆ ಸುರಿದ. ಅವ್ವ ತನ್ನ ಮೂರು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದು, ಒಂದನ್ನು ಬೆರಳಿಂದ ತಟ್ಟಿ ಕೇಳಿದಳು.

"ಅಣ್ಣಾ, ಈ ಬದಾಮ್ ರಾಣಿ ಐತಲಾ, ಇದು ದೊಡ್ಡದೇನ?"

ಅದರ ಜೊತೆಗಿದ್ದವು ಒಂದು ನಾಲ್ಕು, ಒಂದು ಎರಡು. ಮಾಮಾ ತನ್ನ ಎಲೆಗಳನ್ನು ನೋಡಿದ, ತಂಗಿಯ ಮುಖ ನೋಡಿದ.

"ಭಾಳ ದೊಡ್ಡದವಾ," ಎಂದು ಎಲೆಗಳನ್ನು ಕೆಳಗಿಟ್ಟ. "ಅದರ ಮುಂದ ನಂದೇನೂ ನಡಿಯಾಂಗಿಲ್ಲ."

ಅವ್ವ ನಾಣ್ಯಗಳನ್ನೆಲ್ಲ ಸೆರಗಿಗೆ ಬಳಿದುಕೊಂಡು ಗಂಟು ಹಾಕಿದಳು. ಒಂದನ್ನೂ ಬಿಡಲಿಲ್ಲ.